ಗಣಕಯಂತ್ರದಿಂದ ಮೇಘಭಂಡಾರದ ತಂತ್ರಾಂಶವನ್ನು ತೆಗೆದು ಮರಳಿ ಸ್ಥಾಪಿಸುವ ಕ್ರಮ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಮ್ಮ ಮನೆಗಳಲ್ಲಿ ಗಣಕಯಂತ್ರವನ್ನಿಟ್ಟುಕೊಂಡು, ಮಕ್ಕಳ ಭಾವಚಿತ್ರಗಳು, ಪರೀಕ್ಷೆಯ ಅಂಕಪಟ್ಟಿಗಳು, ಮನೆಯ ಕಾಗದಪತ್ರಗಳು ಮೊದಲಾದವುಗಳನ್ನು ‘ಕ್ಲೌಡ್’ ಎಂದು ಕರೆಯಲ್ಪಡುವ ಮೇಘಭಂಡಾರದಲ್ಲಿ ಇರಿಸಿರುವುದು ಎಲ್ಲರಿಗೂ ತಿಳಿದ ಸಂಗತಿಯಾಗಿದೆ. ಆ ಭಂಡಾರಕ್ಕೂ ನಮ್ಮ ಯಂತ್ರಕ್ಕೂ ನಡುವೆ ನಿಂತು ಕೆಲಸಮಾಡುವ ತಂತ್ರಾಂಶವು ಕೆಲವು ವೇಳೆ ಕೆಟ್ಟು ನಿಲ್ಲುವುದುಂಟು. ಆಗ “ಅದನ್ನು ಪೂರ್ತಿಯಾಗಿ ತೆಗೆದುಹಾಕಿ ಮತ್ತೆ ಹಾಕಿಕೊಳ್ಳಿರಿ” ಎಂಬ ಬುದ್ಧಿವಾದವು ಎಲ್ಲ ಕಡೆಗಳಿಂದಲೂ ಬರುತ್ತದೆ. ಬುದ್ಧಿವಾದವೇನೋ ಸರಿಯಾದುದೇ. ಆದರೆ ‘ಪೂರ್ತಿಯಾಗಿ’ ಎಂಬ ಮಾತಿನೊಳಗೆ ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನರಿಯದೆ ಕೈಹಾಕಿದರೆ ಆಗುವ ನಷ್ಟವನ್ನು ಈ ಲೇಖನವನ್ನು ಬರೆದವಳು ಸ್ವತಃ ಅನುಭವಿಸಿರುತ್ತಾಳೆ. ಆ ನಷ್ಟವು ಮತ್ತೊಬ್ಬರಿಗೆ ಬಾರದಿರಲೆಂಬ ಉದ್ದೇಶದಿಂದ ಈ ಪಾಠವನ್ನು ಸೋದರಿಯರ ಮತ್ತು ತಾಯಿತಂದೆಗಳ ಮುಂದಿಡುತ್ತಿದ್ದೇನೆ.

೧. ನಡೆದ ಸಂಗತಿ

೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕಪಿಲಾನದಿಯು ಉಕ್ಕಿ, ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿ, ಮೈಸೂರಿನ ಹೆದ್ದಾರಿಯೂ ಕೆಲಕಾಲ ಮುಚ್ಚಿಹೋದುದನ್ನು ಆ ಸೀಮೆಯವರು ಮರೆತಿರಲಾರರು. ನೀರು ಇಳಿದ ತರುವಾಯ ಪೆಟ್ಟಿಗೆಗಳನ್ನು ತೆರೆದು ನೋಡಿದ ನಮ್ಮವರಲ್ಲಿ ಕೆಲವರಿಗೆ, ಹಳೆಯ ಶಾಲಾಚಿತ್ರಗಳು ಒಂದಕ್ಕೊಂದು ಅಂಟಿಕೊಂಡು ಮುಖಗಳೇ ಅಳಿಸಿಹೋಗಿದ್ದುದು ಕಂಡಿತು. ಉಳಿದವುಗಳನ್ನಾದರೂ ಕಾಪಾಡಬೇಕೆಂದು ನಾವು ನಾಲ್ಕಾರು ಮಂದಿ ಸೇರಿ, ಮನೆಮನೆಯಿಂದ ಚಿತ್ರಗಳನ್ನು ಎರವಲು ತಂದು, ಸ್ಕ್ಯಾನರ್ ಯಂತ್ರದಿಂದ ಪ್ರತಿಗಳನ್ನು ತೆಗೆದು, ಒಂದೇ ಮೇಘಭಂಡಾರದ ಖಾತೆಯಲ್ಲಿ ಕೂಡಿಸತೊಡಗಿದೆವು. ನಂಜನಗೂಡಿನಲ್ಲಿ ವಾಸವಾಗಿರುವ ನಮ್ಮ ನಿವೃತ್ತ ಉಪಾಧ್ಯಾಯಿನಿಯವರ ಯಂತ್ರದಲ್ಲಿಯೂ, ತಿ. ನರಸೀಪುರದ ನಮ್ಮ ಮನೆಯ ಯಂತ್ರದಲ್ಲಿಯೂ ಅದೇ ಖಾತೆಯನ್ನು ತೆರೆದಿಟ್ಟಿದ್ದೆವು. ನಂಜನಗೂಡನ್ನು ಹಾದುಬಂದ ಕಪಿಲೆಯು ತಿರುಮಕೂಡಲಿನಲ್ಲಿ ಬಂದು ಕಾವೇರಿಯನ್ನು ಕೂಡುವಂತೆ, ಅವರು ಅಲ್ಲಿ ಸೇರಿಸಿದ ಚಿತ್ರವು ಸ್ವಲ್ಪ ಹೊತ್ತಿನಲ್ಲಿಯೇ ನಮ್ಮ ಮನೆಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ನದಿಗಿಲ್ಲದ ಒಂದು ಗುಣವೂ ಇದಕ್ಕುಂಟು. ನಾನು ಇಲ್ಲಿ ಸೇರಿಸಿದುದು ಅಲ್ಲಿಗೂ ಹೋಗುತ್ತಿತ್ತು.

ಹೀಗೆ ಕೆಲಸವು ಸಾಗುತ್ತಿರಲು, ಒಂದು ಸಲ ನಮ್ಮ ಯಂತ್ರದಲ್ಲಿದ್ದ ತಂತ್ರಾಂಶದ ಗುರುತು ಮೂರು ದಿವಸ ಸುತ್ತುತ್ತಲೇ ಇತ್ತು. ಕೆಲಸವು ಮುಂದರಿಯಲಿಲ್ಲ. ಪೂರ್ತಿಯಾಗಿ ತೆಗೆದು ಮತ್ತೆ ಹಾಕಿಕೊಳ್ಳಬೇಕೆಂದು ಬಂಧುಗಳೊಬ್ಬರು ಹೇಳಿದರು. ಚಿತ್ರಗಳೆಲ್ಲ ಹೇಗೂ ಮೇಲೆ ಭಂಡಾರದಲ್ಲಿ ಭದ್ರವಾಗಿವೆಯೆಂದು ನಂಬಿ, ನಾನು ಮೊದಲು ಆ ಫೋಲ್ಡರನ್ನೇ ಅಳಿಸಿದೆನು. ಶುದ್ಧಿಯು ಸಂಪೂರ್ಣವಾಗಲೆಂದು ಯಂತ್ರದ ಕಸದ ಬುಟ್ಟಿಯನ್ನೂ ಬರಿದುಮಾಡಿದೆನು. ಬಳಿಕ ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸಿದೆನು. ಅರ್ಧ ಗಂಟೆಯೊಳಗಾಗಿ ನಂಜನಗೂಡಿನಿಂದ ದೂರವಾಣಿಯು ಬಂದಿತು.

“ಏನಮ್ಮಾ, ನನ್ನ ಕಣ್ಣೆದುರಿಗೇ ಚಿತ್ರಗಳು ಒಂದೊಂದಾಗಿ ಮಾಯವಾಗುತ್ತಿವೆಯಲ್ಲಾ! ನೀನೇನಾದರೂ ಮಾಡಿದೆಯಾ?”

“ನನ್ನ ಯಂತ್ರವನ್ನು ಮಾತ್ರ ಶುದ್ಧಿಮಾಡಿದೆ, ಟೀಚರ್. ಬೇರೇನೂ ಮಾಡಲಿಲ್ಲ.”

“ಹಾಗಾದರೆ ಮೊದಲು ಇಲ್ಲಿಯ ಇಂಟರ್ನೆಟ್ ತಂತಿಯನ್ನು ಕೀಳುತ್ತೇನೆ. ಆಮೇಲೆ ವಿಚಾರ ಮಾಡೋಣ” ಎಂದು ಹೇಳಿ ಅವರು ಹಾಗೆಯೇ ಮಾಡಿದರು.

ಎಂಬತ್ತು ವರ್ಷಕ್ಕೆ ಸಮೀಪಿಸಿದ ಅವರ ಆ ಸಮಯಸ್ಫೂರ್ತಿಯಿಂದ ಬಹುಭಾಗವು ಅಲ್ಲಿಯೇ ಉಳಿಯಿತು. ಅಳಿದವುಗಳೂ ಭಂಡಾರದ ಕಸದ ಬುಟ್ಟಿಯಲ್ಲಿ ದೊರೆತವು. ಆದರೆ ತಂತ್ರಾಂಶವು ಕೆಟ್ಟು ನಿಂತಿದ್ದ ಆ ಮೂರು ದಿವಸಗಳಲ್ಲಿ ನಾನು ಪ್ರತಿ ತೆಗೆದಿದ್ದ ೧೧ ಚಿತ್ರಗಳು ಮೇಲಕ್ಕೆ ಹೋಗಿಯೇ ಇರಲಿಲ್ಲ. ಅವು ನಮ್ಮ ಯಂತ್ರದಲ್ಲಿ ಮಾತ್ರವೇ ಇದ್ದವು. ಅಲ್ಲಿಂದ ಅವುಗಳನ್ನು ನಾನೇ ನನ್ನ ಕೈಯಾರೆ ಅಳಿಸಿದ್ದೆನು. ಅವುಗಳ ಪೈಕಿ ೯ನ್ನು ಮತ್ತೆ ಎರವಲು ತಂದು ಪ್ರತಿ ತೆಗೆದದ್ದಾಯಿತು. ಉಳಿದ ೨ರ ಮೂಲಪ್ರತಿಗಳನ್ನು ಅವುಗಳ ಒಡತಿಯು ಅಷ್ಟರಲ್ಲಿ ಮನೆಯನ್ನು ಬಿಟ್ಟು ಮಗನ ಊರಿಗೆ ಹೊರಡುವಾಗ ಯಾರಿಗೋ ಕೊಟ್ಟುಬಿಟ್ಟಿದ್ದರು.

೨. ಭಂಡಾರವೂ ಅಂಚೆಯವನೂ

ಈ ತಪ್ಪಿನ ಮೂಲವು ಎಲ್ಲಿದೆಯೆಂಬುದನ್ನು ಮೊದಲು ತಿಳಿಯೋಣ. ಮೇಘಭಂಡಾರವೆಂದರೆ ಆಕಾಶದಲ್ಲಿರುವ ಯಾವುದೋ ಸ್ಥಳವಲ್ಲ. ದೊಡ್ಡ ಕಂಪೆನಿಗಳು ದೂರದೂರಿನ ಕಟ್ಟಡಗಳಲ್ಲಿ ಸಾಲುಸಾಲಾಗಿ ಇಟ್ಟಿರುವ ಗಣಕಯಂತ್ರಗಳಲ್ಲಿ ನಮ್ಮ ಹೆಸರಿಗೆ ಮೀಸಲಾದ ಸ್ವಲ್ಪ ಸ್ಥಳವೇ ಅದು. ಡ್ರಾಪ್‌ಬಾಕ್ಸ್ ಎಂಬುದು ೨೦೦೮ರಲ್ಲಿಯೂ, ಗೂಗಲ್ ಡ್ರೈವ್ ಎಂಬುದು ೨೦೧೨ರಲ್ಲಿಯೂ ಸಾರ್ವಜನಿಕರಿಗೆ ದೊರೆತವು. ಮೈಕ್ರೋಸಾಫ್ಟ್ ಕಂಪೆನಿಯು ೨೦೦೭ರಲ್ಲಿ ಸ್ಕೈಡ್ರೈವ್ ಎಂಬ ಹೆಸರಿನಿಂದ ಆರಂಭಿಸಿದ ಭಂಡಾರವು ೨೦೧೪ರಿಂದ ಒನ್‌ಡ್ರೈವ್ ಎಂಬ ಹೆಸರನ್ನು ಪಡೆದಿದೆ. ಹಣ ಕೊಡದವರಿಗೆ ಡ್ರಾಪ್‌ಬಾಕ್ಸಿನಲ್ಲಿ ೨ ಜಿಬಿ, ಒನ್‌ಡ್ರೈವಿನಲ್ಲಿ ೫ ಜಿಬಿ, ಗೂಗಲ್ ಖಾತೆಯಲ್ಲಿ ಟಪಾಲು ಮೊದಲಾದವೂ ಸೇರಿ ೧೫ ಜಿಬಿ ಸ್ಥಳವುಂಟು.

ನಮ್ಮ ಯಂತ್ರದಲ್ಲಿ ನಾವು ಸ್ಥಾಪಿಸುವ ತಂತ್ರಾಂಶವಾದರೋ ಈ ಭಂಡಾರವಲ್ಲ. ಅದು ಭಂಡಾರಕ್ಕೂ ಮನೆಗೂ ನಡುವೆ ಓಡಾಡುವ ಅಂಚೆಯವನು ಮಾತ್ರ. ಮನೆಯ ಫೋಲ್ಡರಿನಲ್ಲಿ ಆದ ಪ್ರತಿಯೊಂದು ಬದಲಾವಣೆಯನ್ನೂ ಅವನು ಭಂಡಾರಕ್ಕೆ ಒಯ್ದು ತಿಳಿಸುತ್ತಾನೆ. ಭಂಡಾರದಲ್ಲಿ ಆದುದನ್ನು ಮನೆಗೆ ತಂದು ತಿಳಿಸುತ್ತಾನೆ. ಇದಕ್ಕೆ ‘ಸಿಂಕ್’ ಎಂದು ಹೆಸರು. ಇದರಿಂದ ಮೂರು ಸಂಗತಿಗಳು ಸಿದ್ಧಿಸುತ್ತವೆ.

ಮೊದಲನೆಯದು: ಅಂಚೆಯವನನ್ನು ಕೆಲಸದಿಂದ ಬಿಡಿಸಿದರೆ ಭಂಡಾರವು ಬರಿದಾಗುವುದಿಲ್ಲ. ಆದುದರಿಂದ ತಂತ್ರಾಂಶವನ್ನು ತೆಗೆಯುವುದರಲ್ಲಿ ಭಯಪಡತಕ್ಕದ್ದು ಏನೂ ಇಲ್ಲ.

ಎರಡನೆಯದು: ಅಂಚೆಯವನು ಇನ್ನೂ ಕೆಲಸದಲ್ಲಿರುವಾಗಲೇ ಮನೆಯ ಕಾಗದಗಳನ್ನು ಹರಿದುಹಾಕಿದರೆ, ಅವನು ಆ ಸುದ್ದಿಯನ್ನೂ ತಪ್ಪದೆ ಒಯ್ಯುತ್ತಾನೆ, ಭಂಡಾರದಲ್ಲಿಯೂ, ಅದೇ ಖಾತೆಯಿರುವ ಬೇರೆಲ್ಲ ಯಂತ್ರಗಳಲ್ಲಿಯೂ ಅವು ಅಳಿದುಹೋಗುತ್ತವೆ. ನಂಜನಗೂಡಿನಲ್ಲಿ ಆದುದು ಇದೇ.

ಮೂರನೆಯದು: ಅಂಚೆಯವನು ಜಡವಾಗಿ ಕುಳಿತಿದ್ದಾಗ ಅವನ ಚೀಲದಲ್ಲಿ ಇನ್ನೂ ತಲಪಿಸದ ಕಾಗದಗಳು ಉಳಿದಿರಬಹುದು. ಅವುಗಳನ್ನು ಬೇರೆಡೆಗೆ ತೆಗೆದಿಡದೆ ಅವನನ್ನು ಚೀಲಸಮೇತ ಹೊರಗೆ ಹಾಕಿದರೆ ಕಾಗದಗಳೂ ಹೋದಂತೆಯೇ. ನನ್ನ ೧೧ ಚಿತ್ರಗಳು ಹೋದುದು ಹೀಗೆ.

ಆದಕಾರಣ ‘ಪೂರ್ತಿಯಾಗಿ ತೆಗೆಯುವುದು’ ಎಂದರೆ ಅಂಚೆಯವನನ್ನೂ ಅವನ ಹಳೆಯ ದಿನಚರಿಯನ್ನೂ ತೆಗೆಯುವುದೇ ಹೊರತು, ಕಾಗದಗಳನ್ನು ತೆಗೆಯುವುದಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕ್ರಮವೆಲ್ಲವೂ ಸುಲಭವಾಗುವುದು.

೩. ತೆಗೆಯುವುದು ಅವಶ್ಯವೇ ಎಂಬ ವಿಚಾರ

ತಂತ್ರಾಂಶವು ನಿಂತುಹೋದ ಮಾತ್ರಕ್ಕೆ ಅದನ್ನು ಕಿತ್ತುಹಾಕಬೇಕಾಗಿಲ್ಲ. ಖಾತೆಯಲ್ಲಿ ಸ್ಥಳವು ತುಂಬಿದ್ದರೆ ಹೊಸ ಕಡತವು ಮೇಲೇರಲಾರದು. ಆಗ ತಂತ್ರಾಂಶವನ್ನು ಹತ್ತು ಸಲ ಸ್ಥಾಪಿಸಿದರೂ ಫಲವಿಲ್ಲ. ಯಾವುದಾದರೊಂದು ಕಡತವು ಬೇರೊಂದು ತಂತ್ರಾಂಶದಲ್ಲಿ ತೆರೆದೇ ಇದ್ದರೂ, ಫೋಲ್ಡರಿನೊಳಗೆ ಫೋಲ್ಡರು ಇಟ್ಟು ಹೆಸರುಗಳು ಬಹಳ ಉದ್ದವಾಗಿದ್ದರೂ ಕೆಲಸವು ತಡೆಯುವುದುಂಟು. ಹಳೆಯ ಯಂತ್ರಗಳಲ್ಲಿ ಒಳಗಿನ ಚಿಕ್ಕ ಬ್ಯಾಟರಿಯು ಸತ್ತು, ತಾರೀಖು ಹಿಂದಿನ ಯಾವುದೋ ವರ್ಷವನ್ನು ತೋರಿಸುತ್ತಿದ್ದರೆ, ಖಾತೆಯೊಳಕ್ಕೆ ಪ್ರವೇಶವೇ ದೊರೆಯದೆ ಹೋಗಬಹುದು. ಇವುಗಳನ್ನೆಲ್ಲ ನೋಡಿ, ಯಂತ್ರವನ್ನು ಒಮ್ಮೆ ನಿಲ್ಲಿಸಿ ಹೊರಡಿಸಿ, ಆಮೇಲೂ ಗುಣವಾಗದಿದ್ದರೆ ಮಾತ್ರ ಮುಂದುವರಿಯತಕ್ಕದ್ದು. ಒನ್‌ಡ್ರೈವಿಗೆ ‘ರೀಸೆಟ್’ ಎಂಬ ಮಧ್ಯಮೋಪಾಯವೂ ಉಂಟು. ಇದು ಕಡತಗಳನ್ನು ಮುಟ್ಟದೆ, ಅಂಚೆಯವನ ದಿನಚರಿಯನ್ನು ಮಾತ್ರ ಅಳಿಸಿ ಅವನನ್ನು ಹೊಸದಾಗಿ ಹೊರಡಿಸುತ್ತದೆ. ಅದರ ಆಜ್ಞೆಯು ಕಂಪೆನಿಯ ಸಹಾಯಪುಟದಲ್ಲಿ ದೊರೆಯುವುದು.

೪. ತೆಗೆಯುವುದಕ್ಕೆ ಮುಂಚೆ ಮಾಡತಕ್ಕ ಐದು ಕೆಲಸಗಳು

ವಿಂಡೋಸ್ ೧೦ ಮತ್ತು ೧೧ ಇರುವ ಯಂತ್ರಗಳಲ್ಲಿ ಒನ್‌ಡ್ರೈವ್ ಮೊದಲಿನಿಂದಲೇ ಬಂದಿರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಒಂದು: ತಂತ್ರಾಂಶವನ್ನು ನಂಬದೆ ಭಂಡಾರವನ್ನೇ ನೇರವಾಗಿ ನೋಡಿರಿ. ಕ್ರೋಮ್, ಎಡ್ಜ್ ಮೊದಲಾದ ಬ್ರೌಸರಿನಲ್ಲಿ ಒನ್‌ಡ್ರೈವಿನ ಜಾಲತಾಣವನ್ನು ತೆರೆದು, ನಿಮ್ಮ ಖಾತೆಯನ್ನು ಪ್ರವೇಶಿಸಿ, ಮುಖ್ಯವಾದ ಕಡತಗಳು ಅಲ್ಲಿವೆಯೇ ಎಂದು ಪರೀಕ್ಷಿಸಿರಿ. ಹೆಸರನ್ನು ಕಂಡರೆ ಸಾಲದು. ಮೂರು ನಾಲ್ಕನ್ನು ತೆರೆದು ನೋಡತಕ್ಕದ್ದು. ವಿಶೇಷವಾಗಿ ಕಡೆಯ ವಾರದಲ್ಲಿ ಸೇರಿಸಿದವುಗಳನ್ನು ನೋಡುವುದು ಅವಶ್ಯ.

ಎರಡು: ಪ್ರವೇಶದ ಗುಪ್ತಪದವೂ, ಖಾತೆಗೆ ಸೇರಿದ ಮೊಬೈಲ್ ಸಂಖ್ಯೆಯೂ ನಿಮ್ಮ ಕೈಯಲ್ಲಿವೆಯೇ ಎಂದು ಖಂಡಿತಮಾಡಿಕೊಳ್ಳಿರಿ. ಮರಳಿ ಸ್ಥಾಪಿಸುವಾಗ ಪರಿಶೀಲನೆಯ ಸಂಖ್ಯೆಯು ಮೊಬೈಲಿಗೆ ಬರುವುದುಂಟು. ಖಾತೆಯನ್ನು ತೆರೆದುಕೊಟ್ಟ ಮಗನು ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ಇದ್ದು, ಸಂಖ್ಯೆಯು ಅವನ ಹಳೆಯ ಸಿಮ್ ಕಾರ್ಡಿನದಾಗಿದ್ದರೆ, ಬಾಗಿಲನ್ನು ಮುಚ್ಚಿ ಬೀಗದ ಕೈಯನ್ನು ಒಳಗೇ ಬಿಟ್ಟಂತಾಗುವುದು.

ಮೂರು: ಪ್ರತಿಯೊಂದು ಕಡತದ ಪಕ್ಕದಲ್ಲಿರುವ ಗುರುತುಗಳನ್ನು ಓದಲು ಕಲಿಯಿರಿ. ನೀಲಿ ಅಂಚಿನ ಮೋಡದ ಗುರುತಿದ್ದರೆ, ಆ ಕಡತವು ಭಂಡಾರದಲ್ಲಿ ಮಾತ್ರ ಇದೆ. ಯಂತ್ರದಲ್ಲಿರುವುದು ಅದರ ಹೆಸರು ಮಾತ್ರ. ಬಿಳಿಯ ವೃತ್ತದಲ್ಲಿ ಹಸುರು ಸರಿಗುರುತು ಇದ್ದರೆ, ಅದು ಎರಡು ಕಡೆಯಲ್ಲಿಯೂ ಇದೆ. ತುಂಬಿದ ಹಸುರು ವೃತ್ತದಲ್ಲಿ ಬಿಳಿಯ ಸರಿಗುರುತು ಇದ್ದರೆ, ಯಂತ್ರದಲ್ಲಿ ಯಾವಾಗಲೂ ಇರಲೆಂದು ನೀವೇ ವಿಧಿಸಿದ್ದೀರಿ ಎಂದರ್ಥ. ಸುತ್ತುವ ಬಾಣಗಳಿದ್ದರೆ ಪ್ರಯಾಣವು ಇನ್ನೂ ಮುಗಿದಿಲ್ಲ. ಕೆಂಪು ವೃತ್ತದಲ್ಲಿ ಬಿಳಿಯ ಅಡ್ಡಗೀಟುಗಳಿದ್ದರೆ ಆ ಕಡತವು ಮೇಲಕ್ಕೆ ಹೋಗಿಲ್ಲ. ಕಡೆಯ ಎರಡು ಗುರುತುಗಳುಳ್ಳ ಕಡತಗಳೇ ಅಂಚೆಯವನ ಚೀಲದಲ್ಲಿ ಉಳಿದ ಕಾಗದಗಳು.

ನಾಲ್ಕು: ಆ ಉಳಿದ ಕಡತಗಳನ್ನು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ಪ್ರತಿಮಾಡಿಕೊಳ್ಳಿರಿ. ‘ಕಾಪಿ’ ಮಾಡಬೇಕೇ ಹೊರತು ‘ಕಟ್’ ಮಾಡಕೂಡದು. ಕತ್ತರಿಸಿ ತೆಗೆದರೆ ಅಂಚೆಯವನ ಕಣ್ಣಿಗೆ ಅದು ಅಳಿಸಿದಂತೆಯೇ ಕಾಣುವುದು. ಸ್ಥಳಾವಕಾಶವಿದ್ದರೆ ಬಹುಮುಖ್ಯವಾದ ಉಳಿದ ಕಡತಗಳನ್ನೂ ಹೀಗೆಯೇ ಪ್ರತಿಮಾಡಿಡುವುದು ಲೇಸು. ಹೆಸರು ಮಾತ್ರ ಇರುವ ಕಡತಗಳನ್ನು ಪ್ರತಿಮಾಡಬೇಕಾದರೆ, ಮೊದಲು ಮೌಸಿನ ಬಲಗುಂಡಿಯನ್ನೊತ್ತಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬುದನ್ನು ಆರಿಸಿ, ಅವು ಕೆಳಗಿಳಿದು ಬರುವ ತನಕ ಕಾಯಬೇಕು. ಅಥವಾ ಜಾಲತಾಣದಿಂದ ನೇರವಾಗಿ ಇಳಿಸಿಕೊಳ್ಳಬೇಕು.

ಐದು: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂಬ ಮೂರು ಫೋಲ್ಡರುಗಳನ್ನು ಒನ್‌ಡ್ರೈವ್ ತನ್ನ ವಶಕ್ಕೆ ತೆಗೆದುಕೊಂಡಿದೆಯೇ ಎಂದು ನೋಡಿರಿ. ಒನ್‌ಡ್ರೈವಿನ ಸೆಟಿಂಗ್ಸಿನಲ್ಲಿ ‘ಸಿಂಕ್ ಅಂಡ್ ಬ್ಯಾಕಪ್’ ಎಂಬಲ್ಲಿ ‘ಮ್ಯಾನೇಜ್ ಬ್ಯಾಕಪ್’ ಎಂಬುದನ್ನು ಒತ್ತಿದರೆ ಅದು ತಿಳಿಯುವುದು. ಹಾಗಿದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ನಿಲ್ಲಿಸಿದ ಒಡನೆ ಡೆಸ್ಕ್‌ಟಾಪ್ ಬರಿದಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ಕಡತಗಳು ಒನ್‌ಡ್ರೈವಿನ ಫೋಲ್ಡರಿನೊಳಗಿರುವ ಡೆಸ್ಕ್‌ಟಾಪ್ ಎಂಬ ಫೋಲ್ಡರಿನಲ್ಲಿ ಹಾಗೆಯೇ ಇರುತ್ತವೆ.

೫. ತೆಗೆಯುವ ಕ್ರಮ

ಮೇಲಿನ ಐದೂ ಮುಗಿದ ಮೇಲೆ, ಒನ್‌ಡ್ರೈವಿನ ಮೋಡದ ಗುರುತನ್ನು ಒತ್ತಿ, ಸೆಟಿಂಗ್ಸಿನೊಳಗಿನ ‘ಅಕೌಂಟ್’ ವಿಭಾಗದಲ್ಲಿ ‘ಅನ್‌ಲಿಂಕ್ ದಿಸ್ ಪಿಸಿ’ ಎಂಬುದನ್ನು ಆರಿಸಿರಿ. ಅಂಚೆಯವನಿಗೂ ಭಂಡಾರಕ್ಕೂ ಇದ್ದ ಸಂಬಂಧವು ಇಲ್ಲಿಗೆ ಕಡಿಯಿತು. ಇದೇ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ನಾನು ಬಿಟ್ಟ ಹೆಜ್ಜೆಯೂ ಇದೇ. ಇದಾದ ಬಳಿಕ ಮನೆಯ ಯಂತ್ರದಲ್ಲಿ ಮಾಡುವ ಯಾವ ಕೆಲಸವೂ ಭಂಡಾರವನ್ನಾಗಲಿ ಇತರರ ಯಂತ್ರಗಳನ್ನಾಗಲಿ ಮುಟ್ಟದು.

ಅನಂತರ ವಿಂಡೋಸಿನ ಸೆಟಿಂಗ್ಸನ್ನು ತೆರೆದು, ‘ಆಪ್ಸ್’ ಎಂಬ ವಿಭಾಗದಲ್ಲಿ, ವಿಂಡೋಸ್ ೧೧ ಆದರೆ ‘ಇನ್‌ಸ್ಟಾಲ್ಡ್ ಆಪ್ಸ್’, ವಿಂಡೋಸ್ ೧೦ ಆದರೆ ‘ಆಪ್ಸ್ ಅಂಡ್ ಫೀಚರ್ಸ್’ ಎಂಬಲ್ಲಿಗೆ ಹೋಗಿ, ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಒನ್‌ಡ್ರೈವ್ ಎಂಬುದನ್ನು ಹುಡುಕಿ, ‘ಅನ್‌ಇನ್‌ಸ್ಟಾಲ್’ ಎಂಬುದನ್ನು ಒತ್ತಬೇಕು. ಬಳಿಕ ಯಂತ್ರವನ್ನು ನಿಲ್ಲಿಸಿ ಮತ್ತೆ ಹೊರಡಿಸಬೇಕು.

೬. ಶೇಷಗಳ ಶುದ್ಧಿ

ಇಷ್ಟರಿಂದಲೇ ತಂತ್ರಾಂಶವು ನಿಶ್ಶೇಷವಾಗಿ ಹೋಯಿತೆಂದು ತಿಳಿಯಕೂಡದು. ಮೂರು ಶೇಷಗಳು ಉಳಿದಿರುತ್ತವೆ. ಅವುಗಳನ್ನು ಬೇರೆಬೇರೆಯಾಗಿ ಕಾಣಬೇಕು.

ಮೊದಲನೆಯ ಶೇಷವು ನಿಮ್ಮ ಕಡತಗಳಿರುವ ಒನ್‌ಡ್ರೈವ್ ಎಂಬ ಹೆಸರಿನ ಫೋಲ್ಡರು. ಇದು ತಂತ್ರಾಂಶದ ಸ್ವತ್ತಲ್ಲ, ನಿಮ್ಮ ಸ್ವತ್ತು. ಇದನ್ನು ಅಳಿಸಬಾರದು, ಇದರ ಹೆಸರನ್ನು ಮಾತ್ರ ‘ಹಳೆಯ ಒನ್‌ಡ್ರೈವ್’ ಎಂದು ಬದಲಾಯಿಸಿರಿ. ಹೀಗೆ ಮಾಡಿದರೆ ಹೊಸ ತಂತ್ರಾಂಶವು ಬಂದಾಗ ತನಗೆ ಬೇರೆ ಫೋಲ್ಡರನ್ನು ಕಟ್ಟಿಕೊಳ್ಳುವುದು. ಹೆಸರು ಬದಲಾಯಿಸದಿದ್ದರೆ ಹಳೆಯದೂ ಹೊಸದೂ ಬೆರೆತು, ವ್ಯತ್ಯಾಸವಿರುವ ಕಡತಗಳಿಗೆ ಎರಡೆರಡು ಪ್ರತಿಗಳಾಗಿ, ಒಂದರ ಹೆಸರಿನ ಕೊನೆಗೆ ನಿಮ್ಮ ಯಂತ್ರದ ಹೆಸರು ಅಂಟಿಕೊಂಡು ಗೊಂದಲವಾಗುವುದುಂಟು. ಹೆಸರು ಮಾತ್ರ ಇದ್ದ ಕಡತಗಳು ಈ ಹಳೆಯ ಫೋಲ್ಡರಿನಲ್ಲಿ ಇನ್ನು ತೆರೆಯಲಾರವು; ಅವು ಭಂಡಾರದಲ್ಲಿವೆಯೆಂದು ಮೊದಲೇ ನೋಡಿರುವುದರಿಂದ ಚಿಂತೆಯಿಲ್ಲ.

ಎರಡನೆಯ ಶೇಷವು ಅಂಚೆಯವನ ದಿನಚರಿ. ಬಳಕೆದಾರರ ಫೋಲ್ಡರಿನೊಳಗೆ ‘ಆಪ್‌ಡೇಟಾ’ ಎಂಬ ಗುಪ್ತ ಫೋಲ್ಡರಿನಲ್ಲಿ ‘ಲೋಕಲ್’, ಅದರೊಳಗೆ ‘ಮೈಕ್ರೋಸಾಫ್ಟ್’, ಅದರೊಳಗೆ ‘ಒನ್‌ಡ್ರೈವ್’ ಎಂಬ ಫೋಲ್ಡರು ಉಳಿದಿದ್ದರೆ ಅದನ್ನು ಅಳಿಸಬಹುದು. ಕೆಟ್ಟಿದ್ದ ವಿವರಗಳು ಇರುತ್ತಿದ್ದುದು ಇಲ್ಲಿಯೇ. ಇದನ್ನು ಬಿಟ್ಟರೆ ಹೊಸ ತಂತ್ರಾಂಶವೂ ಹಳೆಯ ದೋಷವನ್ನೇ ಹಿಡಿದುಕೊಳ್ಳುವ ಸಂಭವವುಂಟು. ಎರಡು ಫೋಲ್ಡರುಗಳಿಗೂ ಒಂದೇ ಹೆಸರಿರುವುದರಿಂದ ದಾರಿಯನ್ನು ಎರಡು ಸಲ ಓದಿ ನೋಡಿಯೇ ಅಳಿಸತಕ್ಕದ್ದು.

ಮೂರನೆಯ ಶೇಷವು ಪ್ರವೇಶದ ಗುರುತು. ಕಂಟ್ರೋಲ್ ಪ್ಯಾನೆಲಿನ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ ಎಂಬಲ್ಲಿ ‘ವಿಂಡೋಸ್ ಕ್ರೆಡೆನ್ಷಿಯಲ್ಸ್’ ಪಟ್ಟಿಯಲ್ಲಿ ಒನ್‌ಡ್ರೈವಿನ ಹೆಸರಿರುವ ಹಳೆಯ ದಾಖಲೆಯಿದ್ದರೆ ಅದನ್ನು ತೆಗೆಯಬಹುದು. ಪ್ರವೇಶದ ವಿಷಯದಲ್ಲಿ ತೊಂದರೆಯಿದ್ದವರಿಗೆ ಇದು ಉಪಯುಕ್ತ. ‘ರಿಜಿಸ್ಟ್ರಿ’ ಎಂಬ ಆಳವಾದ ಸ್ಥಳದಲ್ಲಿ ಕೈಯಾಡಿಸಬೇಕೆಂದು ಕೆಲವರು ಹೇಳುವರು. ಗೃಹಕೃತ್ಯದ ಯಂತ್ರಕ್ಕೆ ಅದು ಅವಶ್ಯವಿಲ್ಲ, ಅಪಾಯವೂ ಹೌದು.

೭. ಮರಳಿ ಸ್ಥಾಪಿಸುವುದು

ತಂತ್ರಾಂಶವನ್ನು ಮೈಕ್ರೋಸಾಫ್ಟಿನ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಹುಡುಕಿದಾಗ ಮೊದಲು ಕಾಣುವ ಜಾಹೀರಾತನ್ನು ಒತ್ತಬಾರದು. ಸ್ಥಾಪನೆಯಾದ ಮೇಲೆ ಖಾತೆಯ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು, ಫೋಲ್ಡರಿನ ಸ್ಥಳವನ್ನು ಒಪ್ಪಿಕೊಂಡರೆ, ಅಂಚೆಯವನು ಹೊಸ ಚೀಲದೊಡನೆ ಕೆಲಸಕ್ಕೆ ಹಾಜರಾಗುವನು. ಆ ಮೂರು ಫೋಲ್ಡರುಗಳನ್ನು ವಶಕ್ಕೆ ಕೊಡುವಿರಾ ಎಂದು ಅವನು ಕೇಳಿದರೆ, ಆಲೋಚಿಸಿಯೇ ಉತ್ತರ ಕೊಡಿರಿ. ಹಣ ಕೊಡದ ಖಾತೆಯಲ್ಲಿ ೫ ಜಿಬಿ ಸ್ಥಳವು ಭಾವಚಿತ್ರಗಳಿಂದ ಬೇಗನೆ ತುಂಬಿ, ಮತ್ತೆ ಹಳೆಯ ತೊಡಕೇ ಎದುರಾಗುವುದು.

ನಮ್ಮ ಊರುಗಳಲ್ಲಿ ಮೊಬೈಲಿನ ಹಾಟ್‌ಸ್ಪಾಟಿನಿಂದ ಗಣಕಕ್ಕೆ ಇಂಟರ್ನೆಟ್ ಕೊಡುವವರು ಬಹಳ ಮಂದಿ. ಅವರು ಒಂದು ಲೆಕ್ಕವನ್ನು ಮಾಡಿಕೊಳ್ಳಬೇಕು. ದಿನಕ್ಕೆ ೧.೫ ಜಿಬಿ ದೊರೆಯುವ ಮನೆಯಲ್ಲಿ ೨೦ ಜಿಬಿ ಕಡತಗಳು ಕೆಳಗಿಳಿಯಬೇಕಾದರೆ ೧೪ ದಿವಸಗಳಾದರೂ ಬೇಕು. ಆದುದರಿಂದ ಎಲ್ಲವನ್ನೂ ಇಳಿಸಿಕೊಳ್ಳದೆ, ಹೆಸರುಗಳು ಮಾತ್ರ ಯಂತ್ರದಲ್ಲಿದ್ದು ಬೇಕಾದಾಗ ಕಡತವು ಬರುವ ಏರ್ಪಾಟನ್ನೇ ಇಟ್ಟುಕೊಳ್ಳುವುದು ಉಚಿತ. ಕೆಲಸವು ನಿಧಾನವಾದರೆ ಕೆಟ್ಟಿತೆಂದು ಭಾವಿಸಿ ಮತ್ತೆ ಕಿತ್ತುಹಾಕಬಾರದು.

ಎಲ್ಲ ಗುರುತುಗಳೂ ಶಾಂತವಾದ ಮೇಲೆ, ಪೆನ್‌ಡ್ರೈವಿನಲ್ಲಿ ತೆಗೆದಿಟ್ಟ ಕಡತಗಳನ್ನು ಹೊಸ ಫೋಲ್ಡರಿಗೆ ಸೇರಿಸಿ, ಅವು ಮೇಲೇರಿದುದನ್ನು ಜಾಲತಾಣದಲ್ಲಿ ನೋಡಿ ದೃಢಪಡಿಸಿಕೊಳ್ಳಿರಿ. ‘ಹಳೆಯ ಒನ್‌ಡ್ರೈವ್’ ಫೋಲ್ಡರನ್ನು ಒಂದು ತಿಂಗಳಾದರೂ ಇಟ್ಟಿದ್ದು, ಹೊಸದರೊಡನೆ ಹೋಲಿಸಿ, ಕೊರತೆಯಿಲ್ಲವೆಂದು ನಿಶ್ಚಯವಾದ ಮೇಲೆಯೇ ಅಳಿಸಿರಿ.

೮. ಗೂಗಲ್ ಡ್ರೈವ್ ಮತ್ತು ಡ್ರಾಪ್‌ಬಾಕ್ಸ್ ಉಳ್ಳವರಿಗೆ

ಗೂಗಲ್ ಡ್ರೈವಿನ ತಂತ್ರಾಂಶದಲ್ಲಿ ‘ಮಿರರ್’ ಮತ್ತು ‘ಸ್ಟ್ರೀಮ್’ ಎಂಬ ಎರಡು ವಿಧಗಳುಂಟು. ಮಿರರ್ ವಿಧದಲ್ಲಿ ಕಡತಗಳು ಯಂತ್ರದಲ್ಲಿಯೂ ಇರುವುದರಿಂದ ತಂತ್ರಾಂಶವನ್ನು ತೆಗೆದ ಮೇಲೆಯೂ ಉಳಿಯುತ್ತವೆ. ಸ್ಟ್ರೀಮ್ ವಿಧದಲ್ಲಿ ಅವು ಒಂದು ಬೇರೆ ಡ್ರೈವಿನಂತೆ ಕಾಣುವುದು ತಂತ್ರಾಂಶವಿರುವ ತನಕ ಮಾತ್ರ. ಇನ್ನೂ ಮೇಲೇರದ ಕಡತಗಳು ‘ಆಪ್‌ಡೇಟಾ’ದೊಳಗಿನ ‘ಲೋಕಲ್’, ಅದರೊಳಗಿನ ‘ಗೂಗಲ್’ ಎಂಬಲ್ಲಿ ‘ಡ್ರೈವ್‌ಎಫ್‌ಎಸ್’ ಎಂಬ ಫೋಲ್ಡರಿನಲ್ಲಿ ಅಡಗಿರುತ್ತವೆ. ಒನ್‌ಡ್ರೈವಿನ ದಿನಚರಿಯನ್ನು ಅಳಿಸಿದಂತೆ ಇದನ್ನು ಅವಸರದಿಂದ ಅಳಿಸಕೂಡದು.

ಇದು ಕೇವಲ ಊಹೆಯ ಮಾತಲ್ಲ. ೨೦೨೩ನೆಯ ನವೆಂಬರ್ ತಿಂಗಳಲ್ಲಿ, ಡೆಸ್ಕ್‌ಟಾಪಿನ ಗೂಗಲ್ ಡ್ರೈವಿನ ೮೪ನೆಯ ಆವೃತ್ತಿಯನ್ನು ಬಳಸುತ್ತಿದ್ದ ಕೆಲವರಿಗೆ ತಮ್ಮ ಕಡತಗಳು ಕಾಣದಂತಾದವು. ಆಗ ಗೂಗಲ್ ಕಂಪೆನಿಯು ತಾನೇ ಪ್ರಕಟನೆ ಹೊರಡಿಸಿ, ‘ಡಿಸ್‌ಕನೆಕ್ಟ್ ಅಕೌಂಟ್’ ಎಂಬುದನ್ನು ಒತ್ತಬಾರದೆಂದೂ, ಮೇಲೆ ಹೇಳಿದ ಫೋಲ್ಡರನ್ನು ಅಳಿಸುವುದಾಗಲಿ ಸ್ಥಳಾಂತರಿಸುವುದಾಗಲಿ ಕೂಡದೆಂದೂ, ಸಾಧ್ಯವಾದರೆ ಅದರ ಪ್ರತಿಯೊಂದನ್ನು ತೆಗೆದಿಡಬೇಕೆಂದೂ ಹೇಳಿತು. ಮರುತಿಂಗಳು ಹೊಸ ಆವೃತ್ತಿಯೊಡನೆ ಕಡತಗಳನ್ನು ಮರಳಿ ಪಡೆಯುವ ಉಪಕರಣವನ್ನೂ ಒದಗಿಸಿತು. ಆ ಉಪಕರಣವು ಹುಡುಕಿದುದು ಯಂತ್ರದಲ್ಲಿ ಉಳಿದಿದ್ದ ಶೇಷಗಳಲ್ಲಿಯೇ. ತಾಳ್ಮೆಯಿಂದ ಕಾದವರ ಪಾಲಿಗೆ ಅವು ಉಳಿದಿದ್ದವು. ಪೂರ್ತಿಯಾಗಿ ಶುದ್ಧಿಮಾಡುವ ಅವಸರದಲ್ಲಿ ಆ ಫೋಲ್ಡರನ್ನೇ ಅಳಿಸಿದವರಿಗೆ ಹುಡುಕಲು ಸ್ಥಳವೇ ಇಲ್ಲದಾಯಿತು.

ಡ್ರಾಪ್‌ಬಾಕ್ಸಿನ ತಂತ್ರಾಂಶವನ್ನು ತೆಗೆದರೆ ಅದರ ಫೋಲ್ಡರೂ ಖಾತೆಯೂ ಹಾಗೆಯೇ ಉಳಿಯುತ್ತವೆ. ಅಲ್ಲಿಯೂ ಮೊದಲು ಖಾತೆಯಿಂದ ಹೊರಬಂದು ಆಮೇಲೆ ತಂತ್ರಾಂಶವನ್ನು ತೆಗೆಯುವ ಕ್ರಮವೇ ಸರಿಯಾದುದು.

೯. ತಪ್ಪಿ ಅಳಿಸಿದವರು ಮಾಡತಕ್ಕದ್ದು

ಒಂದು ವೇಳೆ ನನ್ನಂತೆ ಯಾರಾದರೂ ತಪ್ಪಿ ನಡೆದರೆ, ಒಡನೆಯೇ ಎಲ್ಲ ಯಂತ್ರಗಳ ಇಂಟರ್ನೆಟ್ ಸಂಪರ್ಕವನ್ನು ಕಡಿಯಬೇಕು. ಆಮೇಲೆ ಒಂದು ಯಂತ್ರದಿಂದಲೋ ಮೊಬೈಲಿನಿಂದಲೋ ಭಂಡಾರದ ಜಾಲತಾಣವನ್ನು ತೆರೆದು ಅದರ ಕಸದ ಬುಟ್ಟಿಯನ್ನು ನೋಡಬೇಕು. ಒನ್‌ಡ್ರೈವಿನ ಸ್ವಂತ ಖಾತೆಗಳಲ್ಲಿಯೂ ಗೂಗಲ್ ಡ್ರೈವಿನಲ್ಲಿಯೂ ಅಳಿಸಿದ ಕಡತಗಳು ಸಾಮಾನ್ಯವಾಗಿ ೩೦ ದಿವಸ ಇರುತ್ತವೆ. ಶಾಲೆ, ಕಚೇರಿಗಳ ಒನ್‌ಡ್ರೈವ್ ಖಾತೆಗಳಲ್ಲಿ ೯೩ ದಿವಸಗಳ ಅವಧಿಯುಂಟು. ಅವಧಿಯು ಮೀರಿದ ತರುವಾಯ ಪಶ್ಚಾತ್ತಾಪದಿಂದ ಪ್ರಯೋಜನವಿಲ್ಲ.

೧೦. ಕಡೆಯ ಮಾತು

ಹಿಂದೆ ನಮ್ಮ ಮನೆಗಳಲ್ಲಿ ಹಳೆಯ ಪೆಟ್ಟಿಗೆಯನ್ನು ಬಣ್ಣ ಹಾಕಿಸಲು ಕಳುಹಿಸುವ ಮುಂಚೆ, ಅದರ ತಳದಲ್ಲಿ ಹಾಸಿದ ಕಾಗದವನ್ನೂ ಎತ್ತಿ ನೋಡುವ ವಾಡಿಕೆಯಿತ್ತು. ಅಲ್ಲಿ ಯಾರದೋ ಪತ್ರವೋ, ಮಡಿಸಿದ ನೋಟೋ ಸಿಕ್ಕುತ್ತಿದ್ದಿತು. ಗಣಕಯಂತ್ರದ ಕೆಲಸಕ್ಕೂ ಅದಕ್ಕಿಂತ ಹೆಚ್ಚಿನ ವಿದ್ಯೆಯೇನೂ ಬೇಡ. ಆ ಹಳೆಯ ವಾಡಿಕೆಯೇ ಸಾಕು. ಮೊದಲು ನೋಡುವುದು, ಆಮೇಲೆ ಪ್ರತಿಮಾಡುವುದು, ಆಮೇಲೆ ಸಂಬಂಧವನ್ನು ಬಿಡಿಸುವುದು, ಎಲ್ಲಕ್ಕೂ ಕಡೆಯಲ್ಲಿ ತೆಗೆಯುವುದು. ಈ ಕ್ರಮವನ್ನು ತಲೆಕೆಳಗು ಮಾಡದಿದ್ದರೆ ಯಾವ ಕೇಡೂ ಇಲ್ಲ.

ಮನೆಯ ಮಕ್ಕಳು ಈ ಕೆಲಸಕ್ಕೆ ಕೈಹಾಕುವ ಮುಂಚೆ ತಾಯಿತಂದೆಗಳು ಅವರನ್ನು ಈ ನಾಲ್ಕು ಪ್ರಶ್ನೆಗಳನ್ನು ಕೇಳಲಿ:

(೧) ಜಾಲತಾಣವನ್ನು ತೆರೆದು ಕಡತಗಳನ್ನು ನಿನ್ನ ಕಣ್ಣಿನಿಂದ ನೋಡಿದೆಯಾ?
(೨) ಮೇಲೇರದೆ ಉಳಿದ ಕಡತಗಳು ಯಾವುವು? ಅವುಗಳ ಪ್ರತಿಯು ಎಲ್ಲಿದೆ?
(೩) ಗುಪ್ತಪದವೂ ಮೊಬೈಲ್ ಸಂಖ್ಯೆಯೂ ನಮ್ಮ ಕೈಯಲ್ಲಿವೆಯೇ?
(೪) ‘ಅನ್‌ಲಿಂಕ್’ ಮಾಡಿದ ಮೇಲೆಯೇ ಮುಂದಿನ ಕೆಲಸವನ್ನು ಮಾಡುತ್ತೀಯಾ?

ನಾಲ್ಕಕ್ಕೂ ಉತ್ತರವು ದೊರೆತರೆ ನಿರಾತಂಕವಾಗಿ ಅಪ್ಪಣೆ ಕೊಡಬಹುದು.

ಕಳೆದುಹೋದ ಆ ಎರಡು ಚಿತ್ರಗಳ ವಿಷಯವಾಗಿ ಒಂದು ಬಿನ್ನಹ. ಒಂದರಲ್ಲಿ ಶಾಲೆಯ ಮೆಟ್ಟಿಲುಗಳ ಮೇಲೆ ಎರಡು ಸಾಲಾಗಿ ಕುಳಿತ ಹುಡುಗಿಯರಿದ್ದಾರೆ. ಮುಂದಿನ ಸಾಲಿನ ನಡುವಿನವಳ ಕೈಯಲ್ಲಿ ಟೆನಿಕಾಯ್ಟ್
ಬಳೆಯಿದೆ. ಇನ್ನೊಂದರಲ್ಲಿ ಹೊಲಿಗೆಯ ತರಗತಿಯವರು ತಾವು ಹೊಲಿದ ಬಟ್ಟೆಗಳನ್ನು ಹಿಡಿದು ನಿಂತಿದ್ದಾರೆ. ಇವುಗಳ ಪ್ರತಿಯು ನಿಮ್ಮಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಿಯಾದರೂ ಇದ್ದರೆ, ದಯವಿಟ್ಟು ಶಾಲೆಗೆ ತಿಳಿಸಿರಿ. ನಂಜನಗೂಡಿನ ನಮ್ಮ ಟೀಚರ್ ಈಗಲೂ ಅವುಗಳ ಹೆಸರಿನಲ್ಲಿ ಎರಡು ಸ್ಥಳಗಳನ್ನು ಪಟ್ಟಿಯಲ್ಲಿ ಬರಿದಾಗಿಯೇ ಬಿಟ್ಟಿದ್ದಾರೆ.